ಖಾಲಿ ಜಾಗದ ಲೆಕ್ಕ

ಕಳೆದ ಏಪ್ರಿಲ್‌ನ ಒಂದು ಶನಿವಾರ. ರಾತ್ರಿ ಹತ್ತು ಗಂಟೆ. ಮುಂಬಯಿಯ ಗೋವಂಡಿಯಲ್ಲಿ ಒಂದು ಗಲ್ಲಿಯೊಳಗಿನ ಖೋಲಿಯಲ್ಲಿ ಕೂತು ನಾನು ಥರ್ಮಾಮೀಟರ್ ನೋಡುತ್ತಿದ್ದೆ. ಅಂಗೈಯಷ್ಟಗಲದ ಡಿಜಿಟಲ್ ಯಂತ್ರ. ದಾದರ್ ಸ್ಟೇಷನ್ ಹೊರಗೆ ಮುನ್ನೂರು ರೂಪಾಯಿಗೆ ತಗೊಂಡಿದ್ದೆ. ಗೋಡೆಯ ಮೊಳೆಗೆ ನೇತುಹಾಕಿ ಇಪ್ಪತ್ತು ನಿಮಿಷ ಕಾದೆ. 35.2 ಡಿಗ್ರಿ. ಆಮೇಲೆ ಅದನ್ನೇ ತಗೊಂಡು ಗಲ್ಲಿ ದಾಟಿ, ದೊಡ್ಡ ರಸ್ತೆಯ ಪಕ್ಕ ನಿಂತೆ. ಅಲ್ಲಿ 30.6.

ನಡುವೆ ಇದ್ದದ್ದು ನೂರೈವತ್ತು ಹೆಜ್ಜೆ.

ಖೋಲಿ ನಮ್ಮ ಆಫೀಸಿನಲ್ಲಿ ಕಸ ಗುಡಿಸಿ, ಚಹಾ ಮಾಡಿಕೊಡುವ ಅಕ್ಕನದು. ಯಾದಗಿರಿ ಕಡೆಯವರು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾರೆ, ಇಬ್ಬರು ಗಂಡುಮಕ್ಕಳು. ಮಾರ್ಚ್ ಕೊನೆಯ ವಾರ ಅಕ್ಕ ಮಧ್ಯಾಹ್ನ ಪ್ಯಾಂಟ್ರಿಯ ಸ್ಟೂಲ್ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದರು. ಗ್ಯಾಸ್ ಮೇಲೆ ಹಾಲು ಉಕ್ಕಿ ಹರಿದಿತ್ತು. ಮೈ ಸರಿಯಿಲ್ವಾ ಅಕ್ಕಾ ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟೇ: "ಹಗಲು ಹೆಂಗಾರ ಕಳೀತದ್ರಿ ಅಣ್ಣಾ. ರಾತ್ರಿನೇ ಕಳ್ಯಂಗಿಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೇ ಥರ್ಮಾಮೀಟರ್ ತಗೊಂಡು ಅವರ ಮನೆಗೆ ಹೋದದ್ದು.

ನಾನು ಕುಂದಾಪುರ ಕಡೆಯವನು. 1989ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದೆ. ಹಗಲು ಹೋಟೆಲ್ ಕೆಲಸ, ಸಂಜೆ ಫೋರ್ಟ್‌ನಲ್ಲಿ ಕನ್ನಡ ರಾತ್ರಿಶಾಲೆ. ಆಮೇಲೆ ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿದೆ. ಈಗ 27 ವರ್ಷದಿಂದ ದಾದರ್ ಪೂರ್ವದ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಬಿಲ್ಡಿಂಗ್ ಪ್ಲಾನ್ ಬಿಡಿಸುತ್ತೇನೆ. ಮೊದಲು ಟ್ರೇಸಿಂಗ್ ಪೇಪರ್ ಮೇಲೆ, ಈಗ ಆಟೋಕ್ಯಾಡ್‌ನಲ್ಲಿ. ಮನೆ ಡೊಂಬಿವಲಿ ಪೂರ್ವದಲ್ಲಿ. ನಾನು ವಿಜ್ಞಾನಿ ಅಲ್ಲ. ಆದರೆ ಎರಡು ಗೋಡೆಗಳ ನಡುವೆ ಎಷ್ಟು ಜಾಗ ಬಿಡುತ್ತಾರೆ, ಎಷ್ಟು ಬಿಡುವುದಿಲ್ಲ ಅನ್ನೋದನ್ನು ಇಷ್ಟು ವರ್ಷ ದಿನಾ ಕೈಯಾರೆ ಬರೆದಿದ್ದೇನೆ. ಊರು ಯಾಕೆ ಬಿಸಿಯಾಗುತ್ತದೆ ಅಂತ ಓದುತ್ತಾ ಹೋದಂತೆ, ಅದರಲ್ಲಿ ಅರ್ಧ ವಿಷಯ ನನ್ನ ಟೇಬಲ್ ಮೇಲೇ ಇತ್ತು ಅಂತ ಗೊತ್ತಾಯಿತು.

ಮೊದಲು ಪತ್ರಾದ ಕಥೆ ಹೇಳುತ್ತೇನೆ.

ಅಕ್ಕನ ಖೋಲಿಯ ಮಾಡು ತಗಡಿನ ಪತ್ರಾ. ಮೇಲೆ ನಾಲ್ಕು ಇಟ್ಟಿಗೆ, ಎರಡು ಹಳೆ ಟೈರು, ಒಂದು ಡಿಶ್ ಆಂಟೆನಾ. ಒಳಗೆ ನಿಂತು ಕೈ ಎತ್ತಿದರೆ ಪತ್ರಾ ಸಿಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಅದರ ಕೆಳಗೆ ನಿಂತರೆ, ಕಾದ ಕಾವಲಿಯ ಪಕ್ಕ ತಲೆ ಇಟ್ಟ ಹಾಗಾಗುತ್ತದೆ. ನಮ್ಮ ಸೈಟಿನ ಎಸಿ ಫಿಟ್ಟರ್ ಹತ್ತಿರ ಒಂದು ಥರ್ಮಾಮೀಟರ್ ಗನ್ ಇದೆ, ಗುರಿ ಹಿಡಿದು ಒತ್ತಿದರೆ ಆ ಜಾಗದ ಬಿಸಿ ತೋರಿಸುತ್ತದೆ. ಅದನ್ನು ಒಂದು ದಿನಕ್ಕೆ ಕೇಳಿ ತಂದೆ. ಹೊಳೆಯುವ ತಗಡಿನ ಮೇಲೆ ಆ ಗನ್ ತಪ್ಪು ಲೆಕ್ಕ ಕೊಡುತ್ತದೆ. ಹೊಳಪು ಲೋಹ ತನ್ನ ಬಿಸಿಯನ್ನು ಸರಿಯಾಗಿ ಹೊರಗೆ ಸೂಸುವುದಿಲ್ಲ, ಅದಕ್ಕೆ ಗನ್‌ಗೆ ಅದು ತಣ್ಣಗೆ ಕಾಣುತ್ತದೆ. ಫಿಟ್ಟರ್ ಹೇಳಿಕೊಟ್ಟ ಹಾಗೆ ಪತ್ರಾದ ಒಳಮೈಗೆ ಕರಿ ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ, ಅದರ ಮೇಲೆ ಹಿಡಿದೆ. 57 ಡಿಗ್ರಿ.

ಮಕ್ಕಳು ಮಲಗುವ ಜಾಗದಿಂದ ಏಳು ಅಡಿ ಮೇಲೆ 57 ಡಿಗ್ರಿ.

ಮುಂದಿನ ಭಾನುವಾರ ಸುಣ್ಣ ಹೊಡೆದೆವು. ಹಿಂದಿನ ರಾತ್ರಿಯೇ ಸುಣ್ಣ ನೆನೆಹಾಕಿ, ಬೆಳಿಗ್ಗೆ ಕದಡಿ, ಅಕ್ಕನ ಹಳೆ ಸೀರೆಯಲ್ಲಿ ಸೋಸಿ, ಹಿಡಿದು ನಿಲ್ಲಲಿ ಅಂತ ಸ್ವಲ್ಪ ಗೋಂದು ಬೆರೆಸಿದೆವು. ಆರೂವರೆಗೆಲ್ಲ ಮೇಲೆ ಹತ್ತಿದೆವು. ಎಂಟು ಗಂಟೆ ಮೇಲೆ ಪತ್ರಾಕ್ಕೆ ಕೈ ಇಡೋಕಾಗಲ್ಲ. ಹತ್ತಿದ್ದು ನಾನು ಮತ್ತು ಅಕ್ಕನ ದೊಡ್ಡ ಮಗ. ಪತ್ರಾದ ಮೇಲೆ ಎಲ್ಲೆಂದರಲ್ಲಿ ಕಾಲಿಡಬಾರದು, ಬೋಲ್ಟಿನ ಸಾಲು ಎಲ್ಲಿದೆಯೋ ಅಲ್ಲಿ ಕೆಳಗೆ ಕಬ್ಬಿಣದ ಪಟ್ಟಿ ಇರುತ್ತದೆ, ಅದರ ಮೇಲೇ ನಡೆಯಬೇಕು. ಹುಡುಗನಿಗೆ ಅದು ಹುಟ್ಟಿನಿಂದ ಗೊತ್ತು. ನನ್ನ ಕೈ ಹಿಡಿದು ಅವನೇ ನಡೆಸಿದ. ಮೊದಲು ಧೂಳು ಗುಡಿಸಿ, ತುಕ್ಕು ಉಜ್ಜಿ, ಪೊರಕೆಯಲ್ಲಿ ಸುಣ್ಣ ಎಳೆದೆವು. ಒಂದು ಕೋಟ್ ಒಣಗೋಕೆ ಹತ್ತು ನಿಮಿಷ. ಮೂರು ಕೋಟ್ ಹೊಡೆದೆವು. ಒಟ್ಟು ಖರ್ಚು ನಾನೂರು ರೂಪಾಯಿ ಮುಟ್ಟಲಿಲ್ಲ.

ಅದೇ ಮಧ್ಯಾಹ್ನ ಎರಡು ಗಂಟೆಗೆ ಅದೇ ಟೇಪಿನ ತುಂಡಿನ ಮೇಲೆ ಗನ್ ಹಿಡಿದೆ. 44. ಗೋಡೆಯ ಥರ್ಮಾಮೀಟರ್‌ನಲ್ಲಿ ಒಳಗಿನ ಗಾಳಿ ಮೂರು ಡಿಗ್ರಿ ಕಡಿಮೆ.

ಇದರಲ್ಲಿ ಮಂತ್ರ ಏನೂ ಇಲ್ಲ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಎಸೆಯುತ್ತದೆ, ಅಷ್ಟೇ. ಹೊಸ ಡಾಂಬರು ಬಿದ್ದ ಬಿಸಿಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ನುಂಗುತ್ತದೆ. ಒಳ್ಳೆ ಬಿಳಿ ಬಣ್ಣ ಹತ್ತರಲ್ಲಿ ಏಳೆಂಟು ಪಾಲು ಹಿಂದಕ್ಕೆ ಕಳಿಸುತ್ತದೆ. ಅಹಮದಾಬಾದ್‌ನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 2013ರಲ್ಲಿ ಆ ಊರು ಬಿಸಿಲಿಗೆಂದೇ ಒಂದು ಯೋಜನೆ ಮಾಡಿಕೊಂಡಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲು. 2017ರಲ್ಲಿ ಅಲ್ಲಿ ಕೊಳೆಗೇರಿಗಳ ಮಾಡಿಗೆ ಬಿಳಿ ಬಳಿಯುವ ಕೆಲಸ ಶುರುವಾಯಿತು. ತೆಲಂಗಾಣ 2023ರಲ್ಲಿ ತಂಪು ಮಾಡಿನ ನೀತಿಯನ್ನೇ ತಂದಿತು.

ಒಂದು ವಾರ ಬಿಟ್ಟು ಅಕ್ಕನನ್ನು ಕೇಳಿದೆ. "ಮಧ್ಯಾಹ್ನ ಹುಡುಗ್ರು ಒಳಗ ಕುಂದರ್ಲಕತ್ತಾರ್ರಿ ಅಣ್ಣಾ. ರಾತ್ರಿ ಮಾತ್ರ ಹಂಗೇ ಅದ" ಅಂದರು.

ರಾತ್ರಿ ಹೋಗಿ ನೋಡಿದೆ. ನಿಜ. ಹತ್ತು ಗಂಟೆಗೆ 34.3. ಬರೀ ಒಂದು ಡಿಗ್ರಿಯ ಆಸುಪಾಸು ವ್ಯತ್ಯಾಸ. ಪತ್ರಾ ಮುಟ್ಟಿ ನೋಡಿದೆ, ತಣ್ಣಗಿತ್ತು. ತಗಡು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬೆಚ್ಚಗಿದ್ದದ್ದು ಗೋಡೆ. ಬೆನ್ನು ಒರಗಿಸಿದರೆ ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ಹೊರಗಿನ ಗಲ್ಲಿಯ ಕಾಂಕ್ರೀಟ್ ನೆಲವೂ ಹಾಗೇ ಇತ್ತು.

ಇಲ್ಲಿಂದ ವಿಷಯ ಮಾಡನ್ನು ಬಿಟ್ಟು ಗಲ್ಲಿಗೆ ಬರುತ್ತದೆ.

ಇಟ್ಟಿಗೆ, ಕಾಂಕ್ರೀಟು, ಕಲ್ಲು ಇವೆಲ್ಲ ಹಗಲಿಡೀ ಬಿಸಿಲು ಕುಡಿದು ಒಳಗಿಟ್ಟುಕೊಳ್ಳುತ್ತವೆ. ಸೂರ್ಯ ಮುಳುಗಿದ ಮೇಲೆ ಆ ಬಿಸಿಯನ್ನು ನಿಧಾನಕ್ಕೆ ಹೊರಗೆ ಬಿಡುತ್ತವೆ. ಅದು ಹೋಗೋಕೆ ಎರಡೇ ದಾರಿ. ಒಂದು, ಗಾಳಿ ಬೀಸಿ ಹೊತ್ತುಕೊಂಡು ಹೋಗಬೇಕು. ಇನ್ನೊಂದು, ನೇರ ಆಕಾಶಕ್ಕೆ ಸೂಸಿ ಹೋಗಬೇಕು. ಬಯಲಲ್ಲಿ ಮಲಗಿದರೆ ಬೆಳಗಿನ ಜಾವ ಚಳಿ ಹತ್ತುತ್ತದಲ್ವಾ, ಅದು ಇದೇ ಕಾರಣಕ್ಕೆ. ನೆಲಕ್ಕೆ ಇಡೀ ಆಕಾಶ ಕಾಣುತ್ತಿರುತ್ತದೆ. ನಾಲ್ಕಡಿ ಅಗಲದ ಗಲ್ಲಿಯಲ್ಲಿ, ಎರಡೂ ಕಡೆ ಖೋಲಿಯ ಮೇಲೆ ಖೋಲಿ ಎದ್ದಿರುವಾಗ, ನೆಲಕ್ಕೆ ಕಾಣೋದು ಒಂದು ದಾರದಷ್ಟು ಆಕಾಶ. ಈ ಗೋಡೆ ಬಿಟ್ಟ ಬಿಸಿ ಆ ಗೋಡೆಗೆ ಹೋಗುತ್ತದೆ, ಆ ಗೋಡೆಯದ್ದು ಈ ಗೋಡೆಗೆ ಬರುತ್ತದೆ. ಕೆನಡಾದ ಟಿಮ್ ಓಕ್ ಎಂಬ ಹವಾಮಾನ ವಿಜ್ಞಾನಿ ಇದನ್ನೇ ಲೆಕ್ಕಕ್ಕೆ ತಂದರು: ಬೀದಿಯ ನಡುವೆ ನಿಂತಾಗ ತಲೆಯ ಮೇಲೆ ಎಷ್ಟು ಪಾಲು ಆಕಾಶ ಕಾಣುತ್ತದೆ, ಆ ಪಾಲು ಕಡಿಮೆಯಾದಂತೆ ಊರಿನ ರಾತ್ರಿಯ ಬಿಸಿ ಹಳ್ಳಿಗಿಂತ ಎಷ್ಟು ಏರುತ್ತದೆ ಅಂತ.

ಅದಕ್ಕೂ ತುಂಬಾ ಮೊದಲು, 1818ರ ಸುಮಾರಿಗೆ, ಲಂಡನ್‌ನ ಲ್ಯೂಕ್ ಹೊವಾರ್ಡ್ ದಿನಾ ಉಷ್ಣತೆ ಬರೆದಿಟ್ಟು ಊರನ್ನೂ ಹಳ್ಳಿಯನ್ನೂ ಹೋಲಿಸಿದ್ದರು. ಮೋಡಗಳಿಗೆ ಇವತ್ತಿಗೂ ನಾವು ಬಳಸುವ ಹೆಸರುಗಳನ್ನು ಕೊಟ್ಟವರು ಅವರೇ. ಅವರ ಲೆಕ್ಕದಲ್ಲಿ ಲಂಡನ್‌ನ ಹಗಲು ಹಳ್ಳಿಗಿಂತ ಬಿಸಿಯೇನೂ ಇರಲಿಲ್ಲ. ರಾತ್ರಿ ಮಾತ್ರ ಸುಮಾರು 2 ಸೆಲ್ಸಿಯಸ್ ಡಿಗ್ರಿಯಷ್ಟು ಜಾಸ್ತಿ ಇತ್ತು. ಅಕ್ಕ ಹೇಳಿದ್ದೂ ಅದನ್ನೇ.

ಪತ್ರಿಕೆಗಳಲ್ಲಿ ಬರೋದು ಹಗಲಿನ ಗರಿಷ್ಠ ಉಷ್ಣತೆ. ಕರಾವಳಿ ಊರುಗಳಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಅನ್ನುತ್ತದೆ. ಮುಂಬಯಿಯಲ್ಲಿ ಅಳೆಯೋದು ಕೊಲಾಬಾದಲ್ಲಿ, ಸಾಂತಾಕ್ರೂಜ್‌ನಲ್ಲಿ, ಬಯಲಲ್ಲಿ ನೆರಳಿನ ಪೆಟ್ಟಿಗೆಯೊಳಗೆ. ಅದು ಸರಿಯಾದ ಕ್ರಮವೇ, ವರ್ಷದಿಂದ ವರ್ಷಕ್ಕೆ ಹೋಲಿಸೋಕೆ ಹಾಗೇ ಬೇಕು. ಆದರೆ ಗೋವಂಡಿಯ ಖೋಲಿಯೊಳಗಿನ ರಾತ್ರಿ ಯಾವ ಪಟ್ಟಿಯಲ್ಲೂ ಬರಲ್ಲ. ಮನುಷ್ಯನ ಮೈ ರಾತ್ರಿ ತಣಿಯಬೇಕು. ತಣಿಯದಿದ್ದರೆ ಮರುದಿನದ ಬಿಸಿಲನ್ನು ತಡೆಯುವ ಶಕ್ತಿಯೇ ಇರಲ್ಲ. ಮುಂಬಯಿಯಲ್ಲಿ ಗಾಳಿಯ ತೇವ ಬೇರೆ. ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರಿದಾಗಲೇ ಮೈ ತಂಪಾಗೋದು.

ಇನ್ನು ನನ್ನ ಟೇಬಲ್‌ಗೆ ಬರುತ್ತೇನೆ.

ಬಿಲ್ಡಿಂಗ್ ಪ್ಲಾನ್ ಮುನ್ಸಿಪಾಲಿಟಿಗೆ ಹೋಗುವಾಗ ಅದರಲ್ಲಿ ಒಂದು ಕೋಷ್ಟಕ ಇರುತ್ತದೆ. ಸುತ್ತ ನಾಲ್ಕೂ ಕಡೆ ಎಷ್ಟು ಮೀಟರ್ ಜಾಗ ಬಿಡಬೇಕು, ಎಷ್ಟು ಬಿಟ್ಟಿದ್ದೇವೆ, ಎಷ್ಟು ಕಡಿಮೆ ಬಿತ್ತು. ಕಡಿಮೆ ಬಿದ್ದದ್ದಕ್ಕೆ ನಮ್ಮಲ್ಲಿ 'ಓಪನ್ ಸ್ಪೇಸ್ ಡೆಫಿಶಿಯನ್ಸಿ' ಅನ್ನುತ್ತೇವೆ. ಮುಂಬಯಿಯ ನಿಯಮದಲ್ಲಿ ಆ ಕೊರತೆಗೆ ಪ್ರೀಮಿಯಂ ಕಟ್ಟಿ ಮಾಫಿ ಪಡೆಯಬಹುದು. ಅಂದರೆ ಬಿಡಬೇಕಾದ ಖಾಲಿ ಜಾಗಕ್ಕೆ ದುಡ್ಡು ಕೊಟ್ಟರೆ ಬಿಡದೆ ಇರಬಹುದು. ಜಾಗದ ರೇಟು ಆಕಾಶದಲ್ಲಿರುವ ಊರಿನಲ್ಲಿ ಬಿಲ್ಡರ್ ಯಾವುದನ್ನು ಆರಿಸುತ್ತಾನೆ ಅಂತ ಹೇಳಬೇಕಾಗಿಲ್ಲ. ಆ ಕೋಷ್ಟಕವನ್ನು ನಾನು ನೂರಾರು ಸಲ ತುಂಬಿದ್ದೇನೆ. ತುಂಬುವಾಗ ಅದು ನನಗೆ ಬರೀ ಸಂಖ್ಯೆ ಆಗಿತ್ತು. ಒಂದೂವರೆ ಮೀಟರ್ ಕೊರತೆ, ಇಷ್ಟು ಪ್ರೀಮಿಯಂ, ಮುಂದಿನ ಪುಟ. ಆ ಒಂದೂವರೆ ಮೀಟರ್‌ನಲ್ಲಿ ಯಾರದೋ ರಾತ್ರಿಯ ಗಾಳಿ ಇತ್ತು. ಇದನ್ನು ನೆನೆದರೆ ನನಗೆ ಈಗ ನಿಜವಾಗಿ ನೋವಾಗುತ್ತದೆ.

ನೋವು ಜಾಸ್ತಿಯಾಗೋದು ಇದೇ ಊರಿನ ಹಳೆ ಇತಿಹಾಸ ಗೊತ್ತಾದಾಗ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು, ಮಾಂಡ್ವಿ ಕಡೆಯಿಂದ ಶುರುವಾಗಿ ಊರೆಲ್ಲ ಹಬ್ಬಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಒತ್ತೊತ್ತಾದ ಕೇರಿಗಳೊಳಗೆ ಸಮುದ್ರದ ಗಾಳಿ ಹೋಗಲಿ ಅಂತ ಅವರು ಪ್ರಿನ್ಸೆಸ್ ಸ್ಟ್ರೀಟ್ ಕಡಿದರು. ಅದಕ್ಕಾಗಿ ಬಡವರ ಎಷ್ಟೋ ಮನೆ ಕೆಡವಿದರು ಅನ್ನೋದೂ ನಿಜ, ಅದನ್ನು ಮರೆಯಬಾರದು. ಆದರೆ ಅವರ ಒಂದು ನಿಯಮ ಓದಿದಾಗ ನಾನು ಪೆನ್ಸಿಲ್ ಕೆಳಗಿಟ್ಟೆ. ಅರವತ್ತಮೂರೂವರೆ ಡಿಗ್ರಿ ನಿಯಮ. ನಿಮ್ಮ ಗೋಡೆಯ ಬುಡದಿಂದ ಎದುರಿನ ಕಟ್ಟಡದ ಕಡೆಗೆ 63.5 ಡಿಗ್ರಿಯಲ್ಲಿ ಒಂದು ಗೆರೆ ಎಳೆಯಿರಿ. ಎದುರಿನ ಕಟ್ಟಡ ಆ ಗೆರೆ ದಾಟಿ ಮೇಲೆ ಹೋಗಬಾರದು. ಕೋಣೆಗೆ ಬೆಳಕು, ಗಾಳಿ ಸಿಗೋಕೆ ಇಷ್ಟಾದರೂ ಬೇಕು ಅಂತ.

ಡ್ರಾಫ್ಟ್ಸ್‌ಮನ್‌ಗೆ ಇದು ಬಾಯಿಲೆಕ್ಕ. 63.5 ಡಿಗ್ರಿ ಅಂದರೆ ಎತ್ತರ ಎರಡು, ಅಗಲ ಒಂದು. ಆರು ಮೀಟರ್ ಗೋಡೆಗೆ ಮೂರು ಮೀಟರ್ ಖಾಲಿ ಜಾಗ. 21 ಮೀಟರ್ ಎತ್ತರದ ಏಳು ಮಹಡಿಗೆ ಹತ್ತೂವರೆ ಮೀಟರ್.

ಈಗ ಗೋವಂಡಿಗೆ ವಾಪಸ್ ಬನ್ನಿ. ಅಕ್ಕನ ತಮ್ಮನ ಸಂಸಾರಕ್ಕೆ ಕೊಳೆಗೇರಿ ಪುನರ್ವಸತಿಯ ಬಿಲ್ಡಿಂಗ್‌ನಲ್ಲಿ ಮನೆ ಸಿಕ್ಕಿದೆ. ಕೆಳಗಿನಿಂದ ಎರಡನೇ ಮಹಡಿ. ಪತ್ರಾದಿಂದ ಪಕ್ಕಾ ಮನೆಗೆ ಹೋದರಲ್ಲ ಅಂತ ಅಕ್ಕನಿಗೆ ಖುಷಿ ಇತ್ತು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ಹಗಲು ಹನ್ನೊಂದು ಗಂಟೆ. ಮೆಟ್ಟಿಲ ಹತ್ತಿರ ಮೊಬೈಲ್ ಟಾರ್ಚ್ ಹಾಕಬೇಕಾಯಿತು. ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕಿಟಕಿ ಇತ್ತು, ಆದರೆ ಅದಕ್ಕೆ ರಟ್ಟು ಹೊಡೆದಿದ್ದರು. ಯಾಕೆ ಅಂದರೆ, ಮೇಲಿನ ಮಹಡಿಗಳಿಂದ ಬೀಳುವ ಕಸ, ಕೊಳಕು ನೀರು. ರಟ್ಟು ಸರಿಸಿ ನೋಡಿದೆ. ಎದುರಿನ ಏಳು ಮಹಡಿ ಬಿಲ್ಡಿಂಗ್‌ನ ಗೋಡೆ ಮೂರು ಮೀಟರ್ ದೂರದಲ್ಲಿ. ಕತ್ತು ಹೊರಗೆ ಹಾಕಿ ಮೇಲೆ ನೋಡಿದರೆ ಒಂದು ಪಟ್ಟಿ ಆಕಾಶ. ಆ ಮನೆಯ ಸೊಸೆ ಚಹಾ ಕೊಡುತ್ತಾ, "ಬಟ್ಟಿ ಎರಡು ದಿನಾ ಆದ್ರೂ ಒಣಗಂಗಿಲ್ರಿ" ಅಂದಳು.

ಮೂರು ಮೀಟರ್ ಅಗಲ, 21 ಮೀಟರ್ ಎತ್ತರ. ಕೋನ ಹಾಕಿದರೆ ಸುಮಾರು 82 ಡಿಗ್ರಿ. ನೂರು ವರ್ಷಕ್ಕೂ ಹಿಂದಿನ, ಬ್ರಿಟಿಷರ ಕಾಲದ ನಿಯಮಕ್ಕಿಂತ ಅಷ್ಟು ಕೆಳಗೆ ಇಳಿದಿದ್ದೇವೆ. ಗೋವಂಡಿ, ಮಾನ್ಖುರ್ದ್ ಕಡೆಯ ಇಂಥ ಕಾಲೋನಿಗಳ ಬಗ್ಗೆ 2018ರಲ್ಲಿ ಡಾಕ್ಟರ್ಸ್ ಫಾರ್ ಯು ಸಂಸ್ಥೆಯ ಅಧ್ಯಯನ ಬಂತು. ಗಾಳಿ ಬೆಳಕು ಇಲ್ಲದ ಕಟ್ಟಡಗಳಲ್ಲಿ ಕ್ಷಯರೋಗ ಜಾಸ್ತಿ ಅನ್ನೋದನ್ನು ಅದು ತೋರಿಸಿತು. ಗಾಳಿ ಇಲ್ಲದ ಕಡೆ ರೋಗ ನಿಲ್ಲುತ್ತದೆ, ಬಿಸಿಯೂ ನಿಲ್ಲುತ್ತದೆ. ಮೇಲಿನ ಮಹಡಿಯವರು ಎಸಿ ಹಾಕಿದರೆ ಅದರ ಹೊರಗಿನ ಪೆಟ್ಟಿಗೆ ಇರೋದೂ ಅದೇ ಮೂರು ಮೀಟರ್ ಸಂದಿಯಲ್ಲಿ. ಒಳಗಿನ ಬಿಸಿ, ಅದರ ಜೊತೆ ಎಸಿ ತಿಂದ ಕರೆಂಟಿನ ಬಿಸಿ, ಎರಡೂ ಸೇರಿ ಕೆಳಗಿನವರ ಕಿಟಕಿಯ ಮುಂದೆ.

ಹಾಗಾದರೆ ಒಳ್ಳೆಯದು ಎಲ್ಲಿದೆ? ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ. ಕಾರ್ಯಕ್ರಮ ಇದ್ದಾಗ ಸಂಜೆ ನಾನು ದಾದರ್‌ನಿಂದ ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಡೆದೇ ಹೋಗುತ್ತೇನೆ. ಹಿಂದೂ ಕಾಲೋನಿ, ಪಾರ್ಸಿ ಕಾಲೋನಿ, ಫೈವ್ ಗಾರ್ಡನ್ಸ್ ದಾಟಿ. ಇದೆಲ್ಲ ಅದೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಿಡಿಸಿದ ಬಡಾವಣೆ. ಅಗಲ ರಸ್ತೆ, ಮೂರ್ನಾಲ್ಕು ಮಹಡಿಯ ಹಳೆ ಮನೆ, ಮನೆ ಮನೆಯ ನಡುವೆ ಜಾಗ, ಎರಡೂ ಕಡೆ ಮರ. ಟಿಳಕ್ ಬ್ರಿಡ್ಜ್ ಕಡೆಯ ಗದ್ದಲ ಬಿಟ್ಟು ಮರದ ಸಾಲಿಗೆ ಕಾಲಿಟ್ಟ ಕೂಡಲೇ ಅಂಗಿಯ ಬೆನ್ನು ಮೈ ಬಿಟ್ಟ ಹಾಗಾಗುತ್ತದೆ. ಅದೇ ಥರ್ಮಾಮೀಟರ್ ಜೇಬಿನಲ್ಲಿಟ್ಟುಕೊಂಡು ಮೇ ತಿಂಗಳಲ್ಲಿ ನಡೆದೆ. ಸ್ಟೇಷನ್ ಹೊರಗಿಗೂ ಮರದ ಕೆಳಗಿಗೂ ಎರಡೂವರೆ ಡಿಗ್ರಿ ವ್ಯತ್ಯಾಸ ಬಂತು.

ಮರದ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಒಂದು ಲೀಟರ್ ನೀರು ಆವಿಯಾಗೋಕೆ ಮುಕ್ಕಾಲು ಯೂನಿಟ್ ಕರೆಂಟಿಗೆ ಹತ್ತಿರ ಹತ್ತಿರ ಬಿಸಿ ಬೇಕು. ದೊಡ್ಡ ಮರ ಎಲೆಗಳಿಂದ ದಿನಕ್ಕೆ ನೂರು ಲೀಟರ್ ನೀರು ಬಿಟ್ಟರೆ, ಒಂದೂವರೆ ಟನ್ನಿನ ಎಸಿ ಹದಿಮೂರು ಗಂಟೆ ತೆಗೆಯುವಷ್ಟು ಬಿಸಿಯನ್ನು ಅದು ಸುತ್ತಲಿನ ಗಾಳಿಯಿಂದ ತೆಗೆದ ಹಾಗೆ. ಮುಂಬಯಿಯ ತೇವದ ಗಾಳಿಯಲ್ಲಿ ಈ ಆವಿಯ ಲಾಭ ಸ್ವಲ್ಪ ಕಡಿಮೆ. ಇಲ್ಲಿ ಮರದಿಂದ ಆಗುವ ದೊಡ್ಡ ಉಪಕಾರ ನೆರಳು. ಹಗಲು ನೆರಳಲ್ಲಿದ್ದ ಗೋಡೆ, ರಸ್ತೆ ರಾತ್ರಿ ಬಿಡೋಕೆ ಬಿಸಿಯನ್ನೇ ಕೂಡಿಟ್ಟಿರಲ್ಲ. ಮರಕ್ಕೂ ಬೇಕಾದದ್ದು ಖಾಲಿ ಜಾಗವೇ, ಮೇಲೆ ಹರಡೋಕೆ ಒಂದಷ್ಟು, ಕೆಳಗೆ ಬೇರು ಉಸಿರಾಡೋಕೆ ಒಂದಷ್ಟು ಮಣ್ಣು. 2019ರ ಅಕ್ಟೋಬರ್‌ನಲ್ಲಿ ಆರೇ ಕಾಲೋನಿಯಲ್ಲಿ ಮೆಟ್ರೋ ಕಾರ್ ಶೆಡ್‌ಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರ ಕಡಿದರು. ಮೆಟ್ರೋ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಡೊಂಬಿವಲಿ ಲೋಕಲ್‌ನಲ್ಲಿ ನೇತಾಡಿ ಬರುವವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಕಡೆ ಕಡಿದು ಇನ್ನೆಲ್ಲೋ ಸಸಿ ನೆಟ್ಟೆವು ಅಂದರೆ ಲೆಕ್ಕ ಸರಿಹೋಗಲ್ಲ. ಆ ಸಸಿಯ ನೆರಳು ಇಲ್ಲಿನ ಗೋಡೆಗೆ ಬೀಳಲ್ಲ ಅಲ್ವಾ.

ನೀರಿನ ವಿಷಯವೂ ಇದೇ ಖಾಲಿ ಜಾಗದ ವಿಷಯ. 2005ರ ಜುಲೈ 26ರಂದು ನಾನು ಆಫೀಸಿನಲ್ಲೇ ರಾತ್ರಿ ಕಳೆದೆ, ಮರುದಿನ ಹಳಿಯ ಮೇಲೆ ಘಾಟ್ಕೋಪರ್‌ವರೆಗೆ ನಡೆದೆ. ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ಇಲ್ಲ. ಊರಿನ ಹಳೆ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆ ಅಂತ ಮಾಡಿದ್ದವು. ವಿಹಾರ್, ಪವಯಿ ಕೆರೆಗಳಿಂದ ಇಳಿದು ಮಾಹಿಮ್‌ನಲ್ಲಿ ಸಮುದ್ರ ಸೇರುವ ಮೀಠಿ ನದಿಯನ್ನು ವಿಮಾನ ನಿಲ್ದಾಣದ ರನ್‌ವೇಗಾಗಿ ತಿರುಗಿಸಿ, ಎರಡೂ ದಡ ಒತ್ತಿ, ಮೋರಿ ಮಾಡಿಬಿಟ್ಟಿದ್ದೆವು. ನೀರಿಗೆ ನಿಲ್ಲೋಕೆ, ಇಂಗೋಕೆ ಬಿಟ್ಟ ಜಾಗವೇ ಇರಲಿಲ್ಲ. ಚರಂಡಿ ದೊಡ್ಡದು ಮಾಡುತ್ತಿದ್ದಾರೆ, ಪಂಪ್ ಹಾಕಿದ್ದಾರೆ. ಅದೂ ಬೇಕು. ಆದರೆ ಅಂಗಳಕ್ಕೆಲ್ಲ ಕಾಂಕ್ರೀಟ್ ಬಳಿದು ಮಳೆಯನ್ನೆಲ್ಲ ಚರಂಡಿಗೆ ಓಡಿಸಿದರೆ ಯಾವ ಚರಂಡಿ ಸಾಕಾಗುತ್ತದೆ?

ಮುಂಬಯಿ ಪಾಲಿಕೆ 2022ರ ಮಾರ್ಚ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ತಂದಿತು. 2050ರ ಹೊತ್ತಿಗೆ ಊರು ಬಿಡುವ ಇಂಗಾಲವನ್ನು ನಿವ್ವಳ ಸೊನ್ನೆಗೆ ತರೋ ಗುರಿ ಅದರಲ್ಲಿದೆ. ಕೇಂದ್ರ ಸರ್ಕಾರ ದೇಶಕ್ಕೆ ಇಟ್ಟುಕೊಂಡ 2070ಕ್ಕಿಂತ ಇಪ್ಪತ್ತು ವರ್ಷ ಮೊದಲು. ರಾತ್ರಿ ಊಟ ಆದ ಮೇಲೆ ಕೂತು ಅದನ್ನು ಓದಿದೆ. ಕರೆಂಟು, ಸಾರಿಗೆ, ಕಸ, ಹಸಿರು, ಗಾಳಿ, ನೆರೆ ಅಂತ ಆರು ಭಾಗ ಮಾಡಿದ್ದಾರೆ. ಒತ್ತೊತ್ತಾದ ಬಡ ವಸತಿಗಳು, ತಗಡಿನ ಮಾಡುಗಳು ಎಷ್ಟು ಕಾಯುತ್ತವೆ ಅನ್ನೋದೂ ಅದರಲ್ಲಿ ಬಂದಿದೆ. ಓದಿ ನನಗೆ ಸಮಾಧಾನ ಆಯಿತು. ಆದರೆ ಪ್ಲಾನ್ ಪಾಸು ಮಾಡುವ ನಿಯಮ ಬೇರೆ ಪುಸ್ತಕದಲ್ಲಿದೆ. ಒಂದು ಪುಸ್ತಕ ಊರು ತಂಪಾಗಬೇಕು ಅನ್ನುತ್ತದೆ, ಇನ್ನೊಂದು ಪುಸ್ತಕ ಖಾಲಿ ಜಾಗದ ಕೊರತೆಗೆ ಪ್ರೀಮಿಯಂ ತಗೊಳ್ಳುತ್ತದೆ. ಎರಡನ್ನೂ ಒಂದೇ ಟೇಬಲ್ ಮೇಲಿಟ್ಟು ಓದುವ ದಿನ ಬೇಗ ಬರಬೇಕು. ಕನಿಷ್ಠ ಬಡವರಿಗೆ ಕಟ್ಟುವ ಮನೆಗಳ ವಿಷಯದಲ್ಲಾದರೂ ಆ ಮಾಫಿ ನಿಲ್ಲಬೇಕು. ಅಲ್ಲಿ ಕಳೆದುಕೊಳ್ಳುವವರು ಎಸಿ ಕೊಳ್ಳಲಾಗದವರು.

ನಮ್ಮ ಡೊಂಬಿವಲಿ ಸೊಸೈಟಿಯಲ್ಲೂ ಇದೇ ಮಾತು ನಡೆಯುತ್ತಿದೆ. ನಾಲ್ಕು ಮಹಡಿ, 24 ಮನೆ, ಹಿಂದೆ ಒಂದು ಹೊಂಗೆ ಮರ, ಗೇಟಿನ ಹತ್ತಿರ ಒಂದು ಕಾಡುಬಾದಾಮಿ. ಮೂರು ವರ್ಷದ ಹಿಂದೆ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕೋಣ ಅಂತ ತೀರ್ಮಾನವಾಗಿತ್ತು. ಮರದ ಬುಡಕ್ಕೂ ಹಾಕುತ್ತೇವೆ, ಚೊಕ್ಕ ಕಾಣುತ್ತದೆ ಅಂದರು. ಮೂರು ಮೀಟಿಂಗ್‌ನಲ್ಲಿ ಎದ್ದು ನಿಂತು ಮಾತಾಡಿದೆ. ಕೆಳಮನೆಯ ಮರಾಠಿ ಕಾಕಾ ನನ್ನ ಜೊತೆ ನಿಂತರು. ಕೊನೆಗೆ ಎರಡೂ ಮರದ ಸುತ್ತ ಐದಡಿ ಚೌಕ ಮಣ್ಣು ಬಿಟ್ಟರು. ಹಿಂದಿನ ಒಂದು ಪಟ್ಟಿಗೆ ನೀರು ಇಂಗುವ ತೂತಿನ ಬ್ಲಾಕ್ ಹಾಕಿದರು. ಮಳೆಗಾಲದಲ್ಲಿ ಈಗ ಅಲ್ಲಿ ನೀರು ನಿಲ್ಲಲ್ಲ.

ಈಗ ರೀಡೆವಲಪ್‌ಮೆಂಟ್ ಬಂದಿದೆ, ಅಂದರೆ ಹಳೆ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟೋದು. ಬಿಲ್ಡರ್ ಕಡೆಯಿಂದ ಒಂದು ನಕ್ಷೆಯೂ ಬಂದಿದೆ. ಎಲ್ಲರೂ ಕೇಳೋದು ಎಷ್ಟು ಸ್ಕ್ವೇರ್ ಫೀಟ್ ಜಾಸ್ತಿ ಸಿಗುತ್ತದೆ ಅಂತ. ಅದು ತಪ್ಪಲ್ಲ, ನಮ್ಮ ಮನೆಯಲ್ಲೂ ಮಗಳಿಗೆ ಒಂದು ಕೋಣೆ ಬೇಕು. ನಾನು ನಕ್ಷೆ ಬಿಡಿಸಿ ಮೊದಲು ನೋಡಿದ್ದು ಪಕ್ಕದ ಬಿಲ್ಡಿಂಗ್ ಕಡೆಯ ಗೆರೆ. ಸ್ಕೇಲ್ ಇಟ್ಟು ಅಳೆದೆ. ಆಮೇಲೆ ಪೆನ್ಸಿಲ್‌ನಲ್ಲಿ ಕೋನ ಎಳೆದೆ. ಪಕ್ಕದ ಬಿಲ್ಡಿಂಗ್‌ನ ಕೆಳಗಿನ ಮೂರು ಮಹಡಿಯವರಿಗೆ ನಮ್ಮಿಂದ ಬಿಸಿಲೂ ತಪ್ಪುತ್ತದೆ, ಪಡುವಣ ಗಾಳಿಯೂ ತಪ್ಪುತ್ತದೆ. ಆ ಹಾಳೆಯನ್ನು ಮುಂದಿನ ಮೀಟಿಂಗ್‌ಗೆ ತಗೊಂಡು ಹೋಗುತ್ತೇನೆ. ಕಟ್ಟಡವನ್ನು ಎರಡು ಮೀಟರ್ ಹಿಂದಕ್ಕೆ ಸರಿಸಿದರೆ ಪ್ರತಿ ಮನೆಗೆ ಎಷ್ಟು ಕಡಿಮೆಯಾಗುತ್ತದೆ ಅಂತಲೂ ಲೆಕ್ಕ ಹಾಕಿದ್ದೇನೆ. ಹನ್ನೊಂದು ಸ್ಕ್ವೇರ್ ಫೀಟ್. ಒಂದು ಕಪಾಟಿನಷ್ಟು ಜಾಗ. ಒಪ್ಪುತ್ತಾರೋ ಇಲ್ಲವೋ, ಪ್ರತಿ ಮನೆಗೂ ಹೋಗಿ ತೋರಿಸುತ್ತೇನೆ.

ಅಕ್ಕನ ಪತ್ರಾದ ಸುಣ್ಣ ಜೂನ್, ಜುಲೈ ಮಳೆಗೆ ಅರ್ಧಕ್ಕರ್ಧ ತೊಳೆದು ಹೋಯಿತು. ರಾತ್ರಿಯ ಬಿಸಿಗೆ ನಮ್ಮ ಕೈಲಾದದ್ದು ಸ್ವಲ್ಪವೇ. ಬಾಗಿಲಿನ ಎದುರು ಗೋಡೆಯ ಮೇಲ್ಭಾಗದಲ್ಲಿ ಒಂದೂವರೆ ಅಡಿಯ ಜಾಲಿ ಕಿಂಡಿ ಕೊರೆಸಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಅಕ್ಟೋಬರ್ ಸೆಕೆಯಲ್ಲಿ ಅಳೆದಾಗ ರಾತ್ರಿ ಹತ್ತಕ್ಕೆ ಒಳಗೂ ಹೊರಗೂ ಎರಡು ಡಿಗ್ರಿ ವ್ಯತ್ಯಾಸ ಉಳಿದಿತ್ತು. ಮೊದಲು ನಾಲ್ಕೂವರೆ ಇತ್ತು.

ಹೋದ ವಾರ ಚಹಾ ಇಡುತ್ತಾ ಅಕ್ಕ ಕೇಳಿದರು: "ಅಣ್ಣಾ, ಸುಣ್ಣ ಎಷ್ಟು ತರಬೇಕ್ರಿ? ನಮ್ಮ ಗಲ್ಲ್ಯಾಗ ಹನ್ನೊಂದು ಮನಿಯವ್ರು ರೊಕ್ಕಾ ಕೂಡಿಸ್ಯಾರ." ಹನ್ನೊಂದು ಮಾಡಿನ ಉದ್ದ ಅಗಲ ಅವರ ದೊಡ್ಡ ಮಗ ಟೇಪ್ ಹಿಡಿದು ಅಳೆದು, ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕಳಿಸಿದ್ದ. ಬೋಲ್ಟಿನ ಸಾಲುಗಳನ್ನೂ ಚುಕ್ಕಿ ಗೆರೆಯಲ್ಲಿ ಗುರುತು ಹಾಕಿದ್ದ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಶುರು ಮಾಡುತ್ತೇವೆ.